ಬಲತುದಿಯ ಚುಕ್ಕಿ

"ನೀವು ಅಲ್ಲಾಡಿದ್ದೀರಿ."

ನಂಜನಗೂಡಿನ ಆ ಸ್ಟುಡಿಯೋದ ಕೌಂಟರಿನ ಹಿಂದೆ ನಿಂತು ಈ ಮಾತನ್ನು ಎಷ್ಟು ಜನರ ಮುಖಕ್ಕೆ ಹೇಳಿದ್ದೇನೋ ನೆನಪಿಲ್ಲ. ಒಬ್ಬರಿಗೆ ಹೇಳಿದ್ದು ಮಾತ್ರ ಚೆನ್ನಾಗಿ ನೆನಪಿದೆ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಮಾರ್ಚ್ ಕೊನೆಯಲ್ಲಿ ತಿ. ನರಸೀಪುರದ ಒಂದು ಹೈಸ್ಕೂಲಿನಲ್ಲಿ ಜವಾನರೊಬ್ಬರ ನಿವೃತ್ತಿ ಸಮಾರಂಭ. ಭಾಷಣಗಳು ಎಳೆದು ಎಳೆದು, ಗುಂಪು ಫೋಟೊಗೆ ಎಲ್ಲರನ್ನೂ ಜಗಲಿಗೆ ತರುವ ಹೊತ್ತಿಗೆ ಬೆಳಕು ಇಳಿದಿತ್ತು. ನಮ್ಮ ಮಾಲೀಕರು ಬಸ್ಸು ಹತ್ತಿಸುವಾಗಲೇ ಹೇಳಿದ್ದರು: "ಬೆಳಕು ಸಾಲ್ದಿದ್ರೆ ಇಪ್ಪತ್ತೆಂಟರ ಲೆನ್ಸ್ ಆಕಿ ಫುಲ್ ಓಪನ್ ಇಟ್ಕೊಳ್ಳಲಾ. ಅಷ್ಟುದ್ದದ ಸಾಲಿಗೆ ಫ್ಲ್ಯಾಶ್ ಮುಟ್ಟಕಿಲ್ಲ." ಅಂದರೆ ಅಗಲಕ್ಕೆ ಹಿಡಿಯುವ ಇಪ್ಪತ್ತೆಂಟು ಮಿಲಿಮೀಟರ್ ಲೆನ್ಸು ಹಾಕಿ, ಅದರೊಳಗಿನ ಕಿಂಡಿಯನ್ನು ಎರಡು ಪಾಯಿಂಟ್ ಎಂಟಕ್ಕೆ, ಅದು ಎಷ್ಟು ಅಗಲವಾಗುತ್ತದೋ ಅಷ್ಟಕ್ಕೂ, ತೆರೆದಿಡುವುದು. ಹಾಗೇ ಇಟ್ಟೆ. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಭದ್ರವಾಗಿತ್ತು.

ಹೆಡ್‌ಮಾಸ್ಟರು ನಡುವಿನ ಕುರ್ಚಿಯನ್ನು ಜವಾನರಿಗೆ ಬಿಟ್ಟಿದ್ದರು. ಅವರು ಅದರ ಹತ್ತಿರವೂ ಸುಳಿಯಲಿಲ್ಲ. ಆ ದಿನದ ಕೊನೆಯ ಗಂಟೆ ಹೊಡೆದು, ಕೊರಳಿನ ಹಾರ ಸರಿ ಮಾಡಿಕೊಂಡು, ಸಾಲಿನ ತುದಿಗೆ ಹೋಗಿ ನಿಂತರು. ಕ್ಯಾಮೆರಾದಿಂದ ನೋಡಿದರೆ ಬಲತುದಿ. ಅಲ್ಲಿ ಜಗಲಿಯ ತೊಲೆಗೆ ತಂತಿಯಲ್ಲಿ ನೇತುಹಾಕಿದ ರೈಲು ಕಂಬಿಯ ತುಂಡೊಂದಿತ್ತು, ಶಾಲೆಯ ಗಂಟೆ. ಹಿಂದೆ ಬರೀ ಸುಣ್ಣದ ಗೋಡೆ.

ನನಗೆ ರೇಗಿತು. ತನ್ನದೇ ದಿನ, ತನಗೇ ಹಾಕಿದ ಕುರ್ಚಿ. ಆದರೂ ಈ ಮನುಷ್ಯ ತುದಿಗೇ ಹೋಗುತ್ತಾರಲ್ಲ! ನಮ್ಮ ಮನೆಯಲ್ಲಿ ಬುದ್ಧನ ಪಟದ ಪಕ್ಕ ಅಪ್ಪ ದುಡಿಯುತ್ತಿದ್ದ ಫ್ಯಾಕ್ಟರಿಯ ಗುಂಪು ಫೋಟೊ ಇದೆ. ತಾಂಡ್ಯದಲ್ಲಿ ತೆಗೆದದ್ದು. ಅದರಲ್ಲೂ ಅಪ್ಪ ತುದಿಯಲ್ಲೇ. ತುದಿಯಲ್ಲಿ ನಿಲ್ಲುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಅವರನ್ನು ಅಲ್ಲಿ ನಿಲ್ಲಿಸಿದವರ ಮೇಲೆ ಬರಬೇಕಾದ ಸಿಟ್ಟು ಅವರ ಮೇಲೇ ಬರುತ್ತಿತ್ತು ಎಂಬುದು ಆಗ ಹೊಳೆದಿರಲಿಲ್ಲ.

ಹದಿನೈದು ದಿನದ ಮೇಲೆ ಜವಾನರು ಸ್ಟುಡಿಯೋಗೆ ಬಂದರು. ಚೀಲದಿಂದ ದೊಡ್ಡ ಪ್ರಿಂಟು ತೆಗೆದು ಕೌಂಟರಿನ ಮೇಲಿಟ್ಟರು.

"ಎಲ್ಲಾರ್ದೂ ಬಂದದೆ ಸಾ. ನಂದೇ ಮೊಕ ಇಲ್ಲ."

ನೋಡಿದೆ. ಹೆಡ್‌ಮಾಸ್ಟರ ಮೀಸೆಯ ಕೂದಲು ಎಣಿಸಬಹುದಿತ್ತು. ಬಲತುದಿಯಲ್ಲಿ ಹಾರವಿತ್ತು, ಖಾಕಿ ಇತ್ತು. ಮುಖವಿರಬೇಕಾದ ಕಡೆ ಒದ್ದೆ ಬೆರಳಲ್ಲಿ ಒರೆಸಿದಂಥ ಒಂದು ಮಸುಕು.

"ನೀವು ಅಲ್ಲಾಡಿದ್ದೀರಿ," ಎಂದೆ.

"ನಾ ಅಲ್ಲಾಡ್ನಿಲ್ಲ ಕಣ್ ಸಾ."

ಇಲ್ಲಿ ಒಂದು ವಿಷಯ ಹೇಳಲೇಬೇಕು. ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಹುಡುಗ. ಯಾವ ಪಕ್ಷ ಕೊಟ್ಟರೂ ಗೆಲ್ಲುತ್ತಿದ್ದೆ. ಕೌಂಟರಿನ ಮುಂದೆ ಯಾರಾದರೂ 'ಇಲ್ಲ' ಎಂದರೆ ಸಾಕು, ನನಗೆ ವೇದಿಕೆ ಹತ್ತಿದ ಹುರುಪು.

"ನೋಡಿ, ನಿಮ್ಮಿಂದ ಎರಡನೆಯವರು ನೆಟ್ಟಗೆ ಬಂದಿದ್ದಾರೆ. ಕ್ಯಾಮೆರಾ ಅಲ್ಲಾಡಿದ್ದರೆ ಅವರೂ ಕೆಡಬೇಕಿತ್ತು. ಫೋಕಸ್ ತಪ್ಪಿದ್ದರೆ ಇಡೀ ಸಾಲು ಕೆಡಬೇಕಿತ್ತು. ಲೆನ್ಸಿಗೆ ಮೇಷ್ಟ್ರು ಯಾರು, ಜವಾನ ಯಾರು ಅಂತ ಗೊತ್ತಾಗುತ್ತಾ? ಇಲ್ಲ. ಹಾಗಾದರೆ ಉಳಿದದ್ದೇನು?"

ಅವರು ಫೋಟೊದ ಮೇಲೆ ಬೆರಳಿಟ್ಟರು. "ಗಂಟೇನೂ ಮಸುಕಾಗ್ಯದೆ ನೋಡಿ ಸಾ. ಅದೂ ಅಲ್ಲಾಡ್ತಾ?"

"ಗಂಟೆ ಅಂದಮೇಲೆ ಅಲ್ಲಾಡದೆ ಇರುತ್ತಾ? ನೀವೇ ಆಗತಾನೆ ಹೊಡೆದು ಬಂದಿದ್ದಿರಿ."

ಮಾಲೀಕರು ಒಳಗಿನಿಂದ ನಗುತ್ತಾ ಬಂದರು. ಪಾಸ್‌ಪೋರ್ಟ್ ಫೋಟೊಗೆ ಕಾದಿದ್ದ ಇಬ್ಬರೂ ನಕ್ಕರು. "ಲಾಯ್ರು ಆಗ್ಬೇಕಿತ್ತು ಕಣ್ಲಾ ನೀನು," ಎಂದು ಮಾಲೀಕರು ಬೆನ್ನು ತಟ್ಟಿದರು. ಜವಾನರು ಫೋಟೊವನ್ನು ಮತ್ತೆ ಪೇಪರಿನಲ್ಲಿ ಸುತ್ತಿದರು. ಬಾಗಿಲ ಹತ್ತಿರ ಒಂದು ಸಲ ನಿಂತು ಹೇಳಿದರು: "ಮೂವತ್ತೊಂದು ವರ್ಸ ಆ ಜಗಲಿ ಮ್ಯಾಲೆ ನಿಂತಿವ್ನಿ ಸಾ. ನಿಂತ್ಕಳಾದು ಒಂದು ಗೊತ್ತು ನಂಗೆ."

ನಾನು ಗೆದ್ದಿದ್ದೆ.

ಅದೇ ಬೇಸಿಗೆಯಲ್ಲಿ ಮೈಸೂರಿನ ಒಂದು ವಿಜ್ಞಾನ ಬಳಗದವರು ಹಳ್ಳಿ ಶಾಲೆಗಳಿಗೆ ಆಕಾಶದ ಗೋಡೆಚಿತ್ರ ಮಾಡುತ್ತಿದ್ದರು. ಸಭೆಗೆ ಹೋಗಿದ್ದ ನಾನು, ಗೆರೆ ಎಳೆದ ನಕ್ಷೆ ಸಾಲದು, ಮಕ್ಕಳಿಗೆ ನಿಜವಾದ ಫೋಟೊ ಬೇಕು ಎಂದು ಅರ್ಧ ಗಂಟೆ ವಾದಿಸಿದೆ. ಬಳಗದ ಹಿರಿಯರು, ಭೌತಶಾಸ್ತ್ರದ ನಿವೃತ್ತ ಮೇಷ್ಟ್ರು, ಪೂರ್ತಿ ಕೇಳಿಸಿಕೊಂಡು, "ಸರಿ, ನೀನೇ ತೆಗೆದು ತಾ. ತ್ರಿಶಂಕುವಿನಿಂದ ಚೇಳಿನವರೆಗೆ, ಒಂದೇ ಚೌಕಟ್ಟಿನಲ್ಲಿ," ಎಂದರು.

ಮೇ ತಿಂಗಳಲ್ಲಿ ರಾತ್ರಿ ಹತ್ತೂವರೆ ದಾಟಿದ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಎಡಗಡೆ ಚೇಳು, ಅಂದರೆ ವೃಶ್ಚಿಕ, ಮೇಲೇರಿರುತ್ತದೆ, ಬಲಗಡೆ ಕೆಳಗೆ ತ್ರಿಶಂಕುವಿನ ನಾಲ್ಕು ಚುಕ್ಕಿ. ಅಷ್ಟು ಅಗಲ ಹಿಡಿಯುವ ಲೆನ್ಸು ನನ್ನ ಕೈಗೆ ಎಟುಕುವಂಥದ್ದು ಒಂದೇ, ಸ್ಟುಡಿಯೋದ ಇಪ್ಪತ್ತೆಂಟು. ಮದುವೆ ಇಲ್ಲದ ದಿನ ಒಯ್ಯಲು ಮಾಲೀಕರು ಒಪ್ಪಿದರು.

ಚುಕ್ಕಿಗಳು ಜರುಗುತ್ತವೆ. ಐದು ನಿಮಿಷ ಶಟರ್ ತೆರೆದಿಟ್ಟರೆ ಚುಕ್ಕಿ ಹೋಗಿ ಗೀಟಾಗುತ್ತದೆ. ಅದಕ್ಕೆ ಎರಡು ಹಲಗೆ, ನಡುವೆ ಒಂದು ಬಾಗಿಲ ಕೀಲು, ಕೀಲಿನಿಂದ ಸರಿಯಾಗಿ ಒಂಬತ್ತು ಇಂಚು ದೂರದಲ್ಲಿ ಒಂದು ಬೋಲ್ಟು. ಬೋಲ್ಟಿನ ಒಂದು ಸುತ್ತಿಗೆ ಹಲಗೆ ಒಂದು ಮಿಲಿಮೀಟರ್ ಮೇಲೇಳುತ್ತದೆ. ನಿಮಿಷಕ್ಕೊಂದು ಸುತ್ತು ಕೊಟ್ಟರೆ ಮೇಲಿನ ಹಲಗೆಗೆ ಕಟ್ಟಿದ ಕ್ಯಾಮೆರಾ ಆಕಾಶದ ಜೊತೆಗೇ ತಿರುಗುತ್ತದೆ. ಕೀಲಿನ ಸರಳು ಮಾತ್ರ ಉತ್ತರದ ಧ್ರುವ ನಕ್ಷತ್ರದ ಕಡೆ ನೆಟ್ಟಗಿರಬೇಕು. ನಮ್ಮ ಕಡೆ ಧ್ರುವ ತೀರಾ ತಗ್ಗು, ನಾಲ್ಕು ತೆಂಗಿನ ಮರ ಅಡ್ಡ ಬಂದರೆ ಕಾಣುವುದಿಲ್ಲ. ತಗಡೂರಿನ ಕಡೆಯ ಒಂದು ಬಯಲು ಹೊಲದ ಬದುವಿನಲ್ಲಿ, ತಾಂಡ್ಯದ ಕಾರ್ಖಾನೆಗಳ ಬೆಳಕಿನ ಮಬ್ಬಿನ ಮೇಲೆ, ಅದು ಹೇಗೋ ಸಿಕ್ಕಿತು.

ಮೊದಲನೇ ರೋಲು ಲ್ಯಾಬಿನಲ್ಲಿ ಹಾಳಾಯಿತು. ನೆಗೆಟಿವ್‌ನಲ್ಲಿ ಆಕಾಶ ಬರೀ ಬೋಳು, ಒಂದು ಫ್ರೇಮು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂದು ಲ್ಯಾಬಿನವನಿಗೆ ತಿಳಿದಿಲ್ಲ; ಚೇಳಿನ ನಡು ಕತ್ತರಿಸಿ ಎರಡು ಮಾಡಿ ಕೊಟ್ಟ. ಕೇಳಿದರೆ, "ಏನೂ ಬಿದ್ದಿಲ್ಲ ಗುರು ಇದ್ರಲ್ಲಿ," ಎಂದ. ಆಮೇಲೆ ಪ್ರತಿ ರೋಲಿನ ಮೊದಲ ಫ್ರೇಮಿಗೆ ಹಗಲು ಹೊತ್ತಿನಲ್ಲಿ ಒಂದು ಎಮ್ಮೆಯನ್ನೋ ಹುಲ್ಲಿನ ಮೆದೆಯನ್ನೋ ತೆಗೆಯಲು ಶುರುಮಾಡಿದೆ. ಅವನು ಅಳತೆ ಹಿಡಿದು ಕತ್ತರಿಸಲಿ ಎಂದು.

ಎರಡನೇ ರೋಲಿನ ಪ್ರಿಂಟು ನೋಡಿ ನಾನು ಕುಣಿದಾಡಿದೆ. ಹಿರಿಯರು ಪ್ರಿಂಟನ್ನು ಪಕ್ಕಕ್ಕಿಟ್ಟರು. "ಮೆಷಿನ್ನು ಅಂಚು ಕತ್ತರಿಸಿರುತ್ತೆ. ನೆಗೆಟಿವ್ ಕೊಡು." ಅದನ್ನು ಕಿಟಕಿ ಗಾಜಿಗೆ ಹಿಡಿದು, ಬೇರೊಂದು ಲೆನ್ಸನ್ನು ತಿರುಗಮುರುಗ ಮಾಡಿ ಭೂತಗನ್ನಡಿಯಂತೆ ಕಣ್ಣಿಗಿಟ್ಟುಕೊಂಡರು.

"ನಡುವೆ ಚುಕ್ಕಿ ಇವೆ. ಮೂಲೇಲಿ ಹಕ್ಕಿ ಹಾರ್ತಿವೆಯಲ್ಲಯ್ಯಾ."

ನಾನೂ ನೋಡಿದೆ. ನಡುವಿನವು ಸೂಜಿ ಚುಚ್ಚಿದಂತಿದ್ದವು. ಮೂಲೆಗೆ ಹೋದಂತೆ ಪ್ರತಿ ಚುಕ್ಕಿಗೂ ಎರಡು ರೆಕ್ಕೆ. ತ್ರಿಶಂಕುವಂತೂ ನಾಲ್ಕು ಒದ್ದೆ ಮಚ್ಚೆ.

"ಮೂಲೆ ಯಾರು ನೋಡ್ತಾರೆ ಸಾರ್? ನಡುವೆ ಚೆನ್ನಾಗಿದೆಯಲ್ಲ."

"ನಾನು ಕೇಳಿದ ತ್ರಿಶಂಕು ಮೂಲೇಲೇ ಇರೋದು," ಎಂದು ನೆಗೆಟಿವ್ ವಾಪಸು ಕೊಟ್ಟರು.

ಬಸ್ಸಿನಲ್ಲಿ ನಂಜನಗೂಡಿನವರೆಗೂ ಹಲ್ಲು ಕಡಿದುಕೊಂಡು ಬಂದೆ. ಈ ಮುದುಕರಿಗೆ ಕೊಂಕು ತೆಗೆಯುವುದೇ ಕೆಲಸ. ಸರಿ, ಅವರದು ತಪ್ಪೆಂದು ತೋರಿಸುತ್ತೇನೆ ಎಂದು ಒಂದೊಂದೇ ಕಾರಣ ಹಿಡಿದು ಹೊರಟೆ.

ಹಲಗೆ ಸರಿಯಾಗಿ ತಿರುಗಲಿಲ್ಲವೇ? ಹಾಗಿದ್ದರೆ ನಡುವಿನ ಚುಕ್ಕಿಯೂ ಎಳೆದುಕೊಳ್ಳಬೇಕಿತ್ತು. ಫೋಕಸ್ಸೇ? ಲೆನ್ಸಿನ ಮೇಲಿನ ಅನಂತದ ಗುರುತನ್ನು ನಂಬದೆ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿ ಆರು ಫ್ರೇಮು ತೆಗೆದೆ. ಹಕ್ಕಿಗಳು ದಪ್ಪಗಾದವು, ಸಣ್ಣಗಾದವು, ಹಾರಿಹೋಗಲಿಲ್ಲ. ಉಳಿದದ್ದು ಕಿಂಡಿ. ಲೆನ್ಸನ್ನು ಪೂರ್ತಿ ತೆರೆದಾಗ ಗಾಜಿನ ಅಂಚಿನಿಂದ ಓರೆಯಾಗಿ ಬರುವ ಬೆಳಕೂ ಒಳಗೆ ನುಗ್ಗುತ್ತದೆ, ಅದು ಒಂದೇ ಕಡೆ ಕೂಡಿಕೊಳ್ಳುವುದಿಲ್ಲ. ಕಿಂಡಿ ಕಿರಿದು ಮಾಡಿದರೆ ಆ ಬೆಳಕು ಹೊರಗುಳಿಯುತ್ತದೆ. ಆದರೆ ಐದು ಪಾಯಿಂಟ್ ಆರಕ್ಕೆ ಇಳಿಸಿದರೆ ಐದು ನಿಮಿಷ ಇಪ್ಪತ್ತಾಗುತ್ತದೆ. ಇಪ್ಪತ್ತು ನಿಮಿಷ ಹದಿನೈದು ಸೆಕೆಂಡಿಗೊಮ್ಮೆ ಕಾಲು ಸುತ್ತು, ಕಣ್ಣು ವಾಚಿನ ಮುಳ್ಳಿನ ಮೇಲೆ, ಕುತ್ತಿಗೆಯ ಮೇಲೆ ಸೊಳ್ಳೆ. ನಡುವೆ ಎರಡು ರಾತ್ರಿ ಮಳೆ ಹೊಡೆಯಿತು. ಮೂರನೇ ರಾತ್ರಿ ಆಕಾಶ ತೊಳೆದಿಟ್ಟ ಹಾಗಿತ್ತು.

ಆ ನೆಗೆಟಿವ್ ನೋಡಿದಾಗ ತಲೆ ಕೆಟ್ಟಿತು. ಎಡ ಮೂಲೆಗಳಲ್ಲಿ ರೆಕ್ಕೆ ಉದುರಿ ಚುಕ್ಕಿಗಳು ಚುಕ್ಕಿಗಳಾಗಿದ್ದವು. ಬಲ ಮೂಲೆಗಳಲ್ಲಿ ಇನ್ನೂ ಬಾಲ. ಗಾಜು ದುಂಡಗಿದೆ. ಗುಣವಾಗಲಿ ದೋಷವಾಗಲಿ, ನಾಲ್ಕು ಮೂಲೆಗೂ ಸಮ ಹಂಚಿಕೆಯಾಗಬೇಕು. ಬಲಕ್ಕೆ ಮಾತ್ರ ಯಾಕೆ? ದಿಗಂತದ ಕಡೆ ಗಾಳಿಯಲ್ಲಿ ಧೂಳು ಹೆಚ್ಚೇ? ಪರೀಕ್ಷೆ ಸುಲಭ. ಮಾರನೇ ರಾತ್ರಿ ಕ್ಯಾಮೆರಾವನ್ನು ತಲೆಕೆಳಗಾಗಿ ಕಟ್ಟಿ ಅದೇ ಆಕಾಶ ತೆಗೆದೆ. ಕೆಟ್ಟದ್ದು ಆಕಾಶವಾದರೆ ತ್ರಿಶಂಕು ಕೆಟ್ಟೇ ಇರಬೇಕು.

ತ್ರಿಶಂಕು ಸೂಜಿಮೊನೆಯಾಗಿ ಬಂತು. ಈ ಸಲ ಹರಡಿಕೊಂಡದ್ದು ಚೇಳು.

ಆಕಾಶದಲ್ಲಿ ಏನೂ ಆಗಿರಲಿಲ್ಲ. ಲೆನ್ಸಿನ ಬಲಗಡೆ ನಿಂತದ್ದೆಲ್ಲ ಕೆಡುತ್ತಿತ್ತು, ಅದು ಯಾವ ಚುಕ್ಕಿಯಾದರೂ ಸರಿ.

ಸ್ಟುಡಿಯೋದ ಕಿಟಕಿಯ ಹತ್ತಿರ ನಿಂತಿದ್ದೆ, ಬೆಳಿಗ್ಗೆ. ಜವಾನರ ಮಾತು ಯಾರೋ ಪಕ್ಕದಲ್ಲಿ ನಿಂತು ಹೇಳಿದ ಹಾಗೆ ಕೇಳಿಸಿತು: ಗಂಟೇನೂ ಮಸುಕಾಗ್ಯದೆ ನೋಡಿ ಸಾ.

ಕಪಾಟಿನಿಂದ ಹಳೇ ನೆಗೆಟಿವ್‌ಗಳ ಡಬ್ಬ ಇಳಿಸಿದೆ. ಈ ಲೆನ್ಸಿನಲ್ಲಿ ತೆಗೆದ ಗುಂಪು ಫೋಟೊಗಳನ್ನು ಒಂದೊಂದಾಗಿ ಕಿಟಕಿಗೆ ಹಿಡಿದೆ. ಬಿಸಿಲಲ್ಲಿ, ಕಿಂಡಿ ಕಿರಿದು ಮಾಡಿ ತೆಗೆದವು ಚೆನ್ನಾಗಿದ್ದವು. ಸಭಾಂಗಣದೊಳಗೆ, ಸಂಜೆ ಜಗಲಿಯಲ್ಲಿ, ಪೂರ್ತಿ ತೆರೆದು ತೆಗೆದವುಗಳಲ್ಲಿ ಬಲತುದಿಗೆ ಮುಖವೇ ಇಲ್ಲ. ಯಾರು ಅಲ್ಲಿ? ಆಸ್ಪತ್ರೆಯ ಆಯಾ. ಬ್ಯಾಂಕಿನ ಕಸ ಗುಡಿಸುವಾಕೆ. ಹಾಸ್ಟೆಲಿನ ಅಡುಗೆಯವರು. ಒಂದು ಮದುವೆಯಲ್ಲಿ ಹೆಣ್ಣಿನ ಕಡೆಯ ಯಾರೋ ಬಡ ನೆಂಟ, ಕೈಯಲ್ಲಿ ಕೊಡೆ. ಎಡತುದಿಯಲ್ಲಿ ನಿಂತಿದ್ದ ಅಂಥವರು ಮಾತ್ರ ಬದುಕಿಕೊಂಡಿದ್ದರು. ಬಲಕ್ಕೆ ನಿಂತು ಕೇಳಲು ಬಂದವರಲ್ಲಿ ಎಷ್ಟೋ ಜನರಿಗೆ ಕೌಂಟರಿನಲ್ಲಿ ಉತ್ತರ ಕೊಟ್ಟವನು ನಾನೇ. ಲೆನ್ಸಿಗೆ ಜವಾನ ಯಾರೆಂದು ಗೊತ್ತಿಲ್ಲ ಎಂದೆನಲ್ಲ, ನಿಜ, ಗೊತ್ತಿರಲಿಲ್ಲ. ಅದಕ್ಕೆ ಗೊತ್ತಿರುವ ಅಗತ್ಯವೇ ಇರಲಿಲ್ಲ. ಯಾರನ್ನು ಎಲ್ಲಿ ನಿಲ್ಲಿಸಬೇಕೆಂದು ನಮಗೆಲ್ಲ ಚೆನ್ನಾಗಿ ಗೊತ್ತಿತ್ತು.

ಮಾಲೀಕರು ಬಂದರು. ಒಂದೇ ಕಡೆ ಕೆಡಬೇಕಾದರೆ ಯಾರೋ ಲೆನ್ಸು ಬಿಚ್ಚಿ ಜೋಡಿಸಿರಬೇಕು. ಎರಡು ನೆಗೆಟಿವ್ ಮುಂದಿಟ್ಟೆ. "ಈ ಲೆನ್ಸು ಯಾವಾಗ ಬಿಚ್ಚಿದ್ರಿ?"

ಅವರು ನೆಗೆಟಿವನ್ನು ಬೆಳಕಿಗೆ ಹಿಡಿದರು. "ಎರಡ್ ವರ್ಸ ಆಯ್ತು. ಮಳೆಗಾಲದಲ್ಲಿ ಒಳಗೆ ಬೂಷ್ಟು ಇಡ್ದಿತ್ತು. ನಾನೇ ಬಿಚ್ಚಿ ಒರಸ್ದೆ. ಯಾಕ್ಲಾ?"

"ಬಲಗಡೆ ಹಾಳಾಗಿದೆ. ನಿಮಗೆ ಗೊತ್ತಿತ್ತು."

"ಅಯ್ಯೋ, ಸ್ವಲ್ಪ ಮಸುಕು ಬತ್ತದೆ. ಮೂಲೆಲಿ ನಿಂತೋರ್ನ ಯಾರ್ಲಾ ನೋಡ್ತಾರೆ? ಆರ್ಡರ್ ಕೊಡೋರು ನಡ್ಮಧ್ಯ ಕೂತಿರ್ತಾರೆ."

ಬಳಗದ ಹಿರಿಯರಿಗೆ ನಾನು ಹೇಳಿದ್ದೂ ಇದನ್ನೇ. ಇದೇ ಮಾತು. ಮಾಲೀಕರಿಗೆ ಬಯ್ಯಬೇಕೆಂದು ಜೋಡಿಸಿಟ್ಟುಕೊಂಡಿದ್ದ ವಾಕ್ಯಗಳೆಲ್ಲ ನನ್ನ ಕಡೆಗೇ ತಿರುಗಿದವು.

"ಆ ಜವಾನರು ಅಲ್ಲಾಡಿರಲಿಲ್ಲ," ಎಂದೆ. "ನಾನು ಅವರನ್ನ ಸುಳ್ಳುಗಾರ ಮಾಡಿ ಕಳಿಸಿದೆ, ನೀವು ಬೆನ್ನು ತಟ್ಟಿದ್ರಿ. ಲೆನ್ಸು ಇವತ್ತೇ ರಿಪೇರಿಗೆ ಹೋಗಬೇಕು. ಆ ಫೋಟೊ ಮತ್ತೆ ತೆಗೆಯಬೇಕು. ಇಲ್ಲ ಅಂದ್ರೆ, ಈ ಡಬ್ಬ ಹಿಡ್ಕೊಂಡು ಇವರೆಲ್ಲರ ಮನೆಗೂ ನಾನೇ ಹೋಗ್ತೀನಿ."

"ಎದುರಿಸ್ತೀಯೇನ್ಲಾ ನನ್ನ?"

"ಹ್ಞೂಂ."

ಕೂಗಾಡಿದರು. ಅನ್ನ ಹಾಕಿದ ಕೈ ಎಂದರು. ಓದಿಕೊಂಡವರನ್ನು ಇಟ್ಟುಕೊಂಡದ್ದೇ ತಪ್ಪು ಎಂದರು. ವಾದ ಮಾಡದೆ ನಿಲ್ಲುವುದು ಎಷ್ಟು ಕಷ್ಟ ಎಂದು ಅವತ್ತು ತಿಳಿಯಿತು. ಕೊನೆಗೆ ಅವರೇ ಸಾಕಾಗಿ ಲೆನ್ಸನ್ನು ಕೌಂಟರಿನ ಮೇಲೆ ಕುಕ್ಕಿದರು.

ಮೈಸೂರಿನಲ್ಲಿ ಒಬ್ಬ ಮೆಕ್ಯಾನಿಕ್ ನನ್ನೆದುರೇ ಅದನ್ನು ಬಿಚ್ಚಿದ. ಒಳಗಿನ ಒಂದು ಗಾಜಿನ ಅಂಚಿನ ಕೆಳಗೆ ಬನಿಯನ್ ಬಟ್ಟೆಯ ಒಂದು ನೂಲು. ಅದರ ಮೇಲೆ ಗಾಜು ಓರೆಯಾಗಿ ಕೂತಿತ್ತು, ಉಂಗುರವನ್ನು ಹಾಗೇ ಬಿಗಿದಿದ್ದರು. ಚಿಮುಟದಲ್ಲಿ ನೂಲು ಎತ್ತಿ ಅವನು ನನ್ನ ಅಂಗೈ ಮೇಲಿಟ್ಟ. ಉಗುರಿನಷ್ಟೂ ಉದ್ದವಿರಲಿಲ್ಲ.

ಮತ್ತೆ ಹೊಲದ ಬದುವಿಗೆ ಹೋದೆ. ಕಿಂಡಿ ಐದು ಪಾಯಿಂಟ್ ಆರು, ಇಪ್ಪತ್ತು ನಿಮಿಷ, ಎಂಬತ್ತು ಕಾಲು ಸುತ್ತು. ಹಿರಿಯರು ನೆಗೆಟಿವನ್ನು ಕಿಟಕಿಗೆ ಹಿಡಿದು ಮೊದಲು ಬಲ ಮೂಲೆಯನ್ನೇ ನೋಡಿದರು. "ಹ್ಞಾಂ," ಎಂದು ಕವರಿಗೆ ಹಾಕಿಕೊಂಡರು. ಹೊಗಳಲಿಲ್ಲ. ನನಗೂ ಬೇಕಿರಲಿಲ್ಲ.

ತಿ. ನರಸೀಪುರಕ್ಕೆ ಬಸ್ಸು ಹತ್ತಿದೆ. ಜವಾನರು ಮನೆಯ ಮುಂದೆ ಕೂತು ಮಂಚಕ್ಕೆ ಹಗ್ಗ ಬಿಗಿಯುತ್ತಿದ್ದರು. ನಿಂತೇ ಎಲ್ಲ ಹೇಳಿದೆ. ಚುಕ್ಕಿ, ಹಲಗೆ, ತಲೆಕೆಳಗಾದ ಕ್ಯಾಮೆರಾ, ನೂಲು. ಕೊನೆಗೆ, "ನೀವು ಅಲ್ಲಾಡಿರಲಿಲ್ಲ," ಎಂದೆ.

ಅವರು ಹಗ್ಗ ಎಳೆದು ಗಂಟು ಹಾಕಿದರು. "ಅದು ನಂಗೆ ಅವತ್ತೇ ಗೊತ್ತಿತ್ತಲ್ಲಪ್ಪ. ನಾ ಏಳ್ನಿಲ್ವಾ? ನಾ ಏಳಿದ್ರೆ ನೀ ನಂಬ್ನಿಲ್ಲ, ಚುಕ್ಕಿ ಏಳ್ದಾಗ ನಂಬ್ದೆ." ಸಿಟ್ಟಿನಲ್ಲಿ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

"ನಿಮ್ಮದೊಂದು ಬೇರೆ ಫೋಟೊ ತೆಗೀತೀನಿ. ನೀವೊಬ್ರೇ, ದೊಡ್ಡದಾಗಿ."

"ಒಬ್ನೇ ಇರೋದು ತಕ್ಕೊಂಡು ಏನ್ ಮಾಡ್ಲಿ? ಇಸ್ಕೂಲಲ್ಲಿ ಇದ್ದೆ ಅಂತ ತಾನೆ ಬೇಕಾಗಿರಾದು."

ಹೆಡ್‌ಮಾಸ್ಟರು ಒಪ್ಪಲಿಲ್ಲ. "ನಮ್ದೆಲ್ಲ ಚೆನ್ನಾಗೇ ಬಂದಿದೆಯಲ್ರೀ. ಅವರೊಬ್ರಿಗೋಸ್ಕರ ಮತ್ತೆ ಎಲ್ಲಾರ್ನೂ ನಿಲ್ಲಿಸೋಕಾಗುತ್ತಾ?" ಬಾಯಿಗೆ ಬಂದ ಮೂರು ಅಂಶದ ಉತ್ತರವನ್ನು ನುಂಗಿಕೊಂಡೆ. ಅವರ ಗೋಡೆಯಲ್ಲಿದ್ದ ಅದೇ ಫೋಟೊವನ್ನು ಕೆಳಗಿಳಿಸಿ, ಎರಡೂ ಅಂಗೈಯಿಂದ ಉಳಿದವರನ್ನೆಲ್ಲ ಮುಚ್ಚಿ, ಬಲತುದಿಯೊಂದನ್ನೇ ಬಿಟ್ಟು ಅವರ ಮುಂದೆ ಹಿಡಿದೆ. "ಇದು ಯಾರ ನಿವೃತ್ತಿ ಸಾರ್?" ಎಂದೆ. ಅವರು ಫೋಟೊವನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ಮೊಳೆಗೆ ನೇತುಹಾಕಿದರು. "ಶಾಲೆ ಶುರುವಾದ ದಿನ ಬನ್ನಿ. ಪ್ರಾರ್ಥನೆ ಆದ್ಮೇಲೆ ಹತ್ತು ನಿಮಿಷ."

ಜೂನ್ ತಿಂಗಳ ಬೆಳಿಗ್ಗೆ. ಜಗಲಿಗೆ ಎದುರುಬಿಸಿಲು ಬಿದ್ದಿತ್ತು. ಕಿಂಡಿಯನ್ನು ಹನ್ನೊಂದಕ್ಕೆ ಇಳಿಸಿದೆ. ಜವಾನರು ಅದೇ ಖಾಕಿ ಹಾಕಿಕೊಂಡು ಬಂದಿದ್ದರು. ನಡುವೆ ಕುರ್ಚಿ ಹಾಕಿ ಅವರ ತೋಳು ಹಿಡಿದೆ. ಅವರು ತೋಳು ಬಿಡಿಸಿಕೊಂಡರು.

"ನಾ ಅಲ್ಲೇ ನಿಂತ್ಕತೀನಿ."

"ಇವತ್ತಾದರೂ ನಡುವೆ ಕೂತ್ಕೊಳ್ಳಿ. ಯಾಕೆ ಯಾವಾಗಲೂ ತುದಿಗೇ ಹೋಗ್ತೀರಿ?"

ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ತುದಿ ಯಾವ್ದಪ್ಪ? ಮೂವತ್ತೊಂದು ವರ್ಸ ನಾ ಒಡ್ದ ಗಂಟೆ ಅಲ್ಲೇ ಅದೆ. ನಾನು ಗಂಟೆ ಪಕ್ಕ ನಿಂತಿವ್ನಿ, ನೀನು ತುದಿ ಅಂತೀಯೆ. ನಿನ್ನ ಗಾಜು ಸರಿ ಮಾಡ್ಕ, ನಾ ಜಾಗ ಬುಡಕಿಲ್ಲ."

ಮೇಷ್ಟ್ರುಗಳು ನಕ್ಕರು. ನಾನು ಕ್ಯಾಮೆರಾದ ಹಿಂದೆ ಹೋದೆ.

ಫೋಕಸ್ಸನ್ನು ಅವತ್ತು ನಡುವಿನ ಕುರ್ಚಿಯ ಮೇಲೆ ಹಿಡಿಯಲಿಲ್ಲ. ಬಲತುದಿಯ ಮುಖದ ಮೇಲೆ ಹಿಡಿದೆ. "ರೆಡೀ," ಎಂದು ಕೂಗಿದೆ.

"ತಡಿ," ಎಂದರು ಜವಾನರು. ಎಡಗೈ ಚಾಚಿ ಗಂಟೆಯನ್ನು ಬಿಗಿಯಾಗಿ ಹಿಡಿದುಕೊಂಡರು.

"ಈಗ ತಗಿ. ಇವತ್ತೂ ಅಲ್ಲಾಡ್ತು ಅಂದ್ಬುಟ್ಟೀಯ."